ರೊಕ್ಕ ಕಟ್ಟೋ ಮೊದಲು ಒಂದು ಮಾತು ಕೇಳಿ

ನಮ್ಮ ಫೋನ್-ಇನ್ ಕಾರ್ಯಕ್ರಮಕ್ಕೆ ಒಂದು ಸಂಜೆ ಸಿಂದಗಿ ತಾಲ್ಲೂಕಿನ ಯಂಕಂಚಿಯಿಂದ ಕರೆ ಬಂತು. ಎಪ್ಪತ್ತು ದಾಟಿದ ಹಿರಿಯರು. "ಸರ್ರ, ನಮ್ಮಾಕಿಗಿ ಹಾರ್ಟ್ ಆಪರೇಷನ್ ಆತ್ರಿ. ಮನ್ಯಾಗ ಬಿಪಿಎಲ್ ಕಾರ್ಡ್ ಐತಿ. ಆದ್ರೂ ಎರಡು ಲಕ್ಷ ಕಟ್ಟೇನಿ, ಹೊಲಾ ಒತ್ತಿ ಹಾಕೇನಿ. ಆ ರೊಕ್ಕ ತಿರುಗಿ ಬರತೈತೇನ್ರಿ?"

ವಿಚಾರಿಸಿದೆ. ಯಾರೋ ಹೇಳಿದರೆಂದು ಸೀದಾ ಒಂದು ಖಾಸಗಿ ಆಸ್ಪತ್ರೆಗೆ ಹೋಗಿದ್ದರು. ಅದು ಯೋಜನೆಯ ಪಟ್ಟಿಯಲ್ಲೇ ಇರಲಿಲ್ಲ. ಉತ್ತರ ನನಗೆ ಗೊತ್ತಿತ್ತು, ಹೇಳೋಕೆ ನಾಲಿಗೆ ಏಳಲಿಲ್ಲ. ಬರೋದಿಲ್ಲ, ಅಜ್ಜಾ.

ವೀಕ್ಷಕರೇ, ಇದನ್ನ ಮೊದಲು ಅರ್ಥ ಮಾಡ್ಕೊಳ್ಳಿ. ಇದು ನಾವು ಬಿಲ್ ಕಟ್ಟಿ, ರಸೀದಿ ತೋರಿಸಿ ಹಣ ಪಡೆಯುವ ವಿಮೆ ಅಲ್ಲ. ಸರ್ಕಾರ ಹಣ ಕೊಡುವುದು ಆಸ್ಪತ್ರೆಗೆ. ಹಾಗಾಗಿ ಚಿಕಿತ್ಸೆಗೆ ಮುಂಚೆಯೇ ಯೋಜನೆಯಡಿ ದಾಖಲಾಗಬೇಕು.

ಯಾರಿಗೆ ಎಷ್ಟು? 2018ರಲ್ಲಿ ಕೇಂದ್ರ ಮತ್ತು ರಾಜ್ಯದ ಯೋಜನೆಗಳು ಸೇರಿ 'ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ' ಆಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30ರಷ್ಟು ಸರ್ಕಾರದ್ದು, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಉಳಿದದ್ದು ನಿಮ್ಮ ಕಿಸೆಯಿಂದ.

ಇನ್ನು ಹಿರಿಯರ ವಿಷಯ. 2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ 70 ವರ್ಷ ತುಂಬಿದ ಎಲ್ಲರಿಗೂ 'ವಯ ವಂದನಾ' ಕಾರ್ಡ್ ಎಂದಿತು. ಬಡವ, ಶ್ರೀಮಂತ ಎಂಬ ಭೇದ ಇಲ್ಲ. ವಯಸ್ಸಿಗೆ ಆಧಾರ್ ಸಾಕು. ಈಗಾಗಲೇ ಯೋಜನೆಯಲ್ಲಿರುವ ಮನೆಯ ಹಿರಿಯರಿಗೆ ಇನ್ನೂ 5 ಲಕ್ಷದವರೆಗೆ ಪ್ರತ್ಯೇಕ ರಕ್ಷಣೆ, ಅದರಲ್ಲಿ ಮಕ್ಕಳಿಗೆ ಪಾಲಿಲ್ಲ. ಕೇಳೋಕೆ ಚೆನ್ನಾಗಿದೆ. ಆದರೆ ಇದರ ಖರ್ಚಿನಲ್ಲಿ ರಾಜ್ಯವೂ ಪಾಲು ಹಾಕಬೇಕು, ಆ ಲೆಕ್ಕದ ಬಗ್ಗೆ ಕರ್ನಾಟಕ ತಕರಾರು ಎತ್ತಿತ್ತು. ದೆಹಲಿಯಲ್ಲಿ ಘೋಷಣೆಯಾದದ್ದು ಅದೇ ದಿನ ವಿಜಯಪುರದ ಕೌಂಟರಿಗೆ ಬರೋದಿಲ್ಲ. ಕಾರ್ಡ್ ಕೈಲಿದ್ದರೂ 'ಇಲ್ಲಿ ನಡೆಯುತ್ತಾ?' ಅಂತ ಕೇಳಲೇಬೇಕು.

ಯಾರನ್ನ ಕೇಳಬೇಕು? ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಇರುತ್ತಾರೆ. ಡಾಕ್ಟರ್‌ಗಿಂತ ಮೊದಲು ಅವರನ್ನ ಹುಡುಕಿ. ಆಸ್ಪತ್ರೆ ಪಟ್ಟಿಯಲ್ಲಿದೆಯಾ? ಈ ಆಪರೇಷನ್ ಯೋಜನೆಯಲ್ಲಿದೆಯಾ? ಎರಡೇ ಪ್ರಶ್ನೆ. ಮನೆಯಿಂದಲೇ ಕೇಳಬೇಕೆಂದರೆ 14555ಕ್ಕೆ ಫೋನ್ ಮಾಡಿ.

ನಮ್ಮ ಜನ ಎಡವುವುದು ಇನ್ನೊಂದು ಕಡೆ. ನಮ್ಮ ರಾಜ್ಯದಲ್ಲಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಅವರು ರೆಫರಲ್ ಚೀಟಿ ಕೊಡ್ತಾರೆ, ಅದನ್ನು ಹಿಡಿದು ಖಾಸಗಿಗೆ ಹೋಗಬೇಕು. ಯಂಕಂಚಿಯವರಿಗೆ ಸಿಂದಗಿ ತಾಲ್ಲೂಕು ಆಸ್ಪತ್ರೆ, ಅದಕ್ಕೂ ಮೇಲೆ ವಿಜಯಪುರದ ಜಿಲ್ಲಾಸ್ಪತ್ರೆ ಇದೆ. ಪಟ್ಟಿಯಲ್ಲಿ ಗುರುತಿಸಿರುವ ತುರ್ತು ಚಿಕಿತ್ಸೆಗಳಿಗೆ ಮಾತ್ರ ಚೀಟಿ ಬೇಡ. ಆಗಲೂ ಆಸ್ಪತ್ರೆ ಯೋಜನೆಯಲ್ಲಿ ಇರಲೇಬೇಕು.

ಹಳೇ ಕಾಯಿಲೆ ಇದ್ದರೂ ಅಡ್ಡಿಯಿಲ್ಲ. ಆದರೆ ದಾಖಲಾಗದೆ ಬರೀ ತೋರಿಸಿಕೊಂಡು ಬರುವ ಖರ್ಚು, ಬಿಪಿ-ಶುಗರ್‌ನ ತಿಂಗಳ ಮಾತ್ರೆ ಇದರಲ್ಲಿ ಸೇರೋದಿಲ್ಲ. ಆ ಮಾತ್ರೆಗೆ ಊರಿನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವೇ ದಾರಿ.

ಸಹಕಾರ ಸಂಘದಲ್ಲಿ ಸದಸ್ಯರಾಗಿದ್ದರೆ 2022-23ರಲ್ಲಿ ಮತ್ತೆ ಶುರುವಾದ ಯಶಸ್ವಿನಿಯೂ ಇದೆ. ಸಂಘದ ಕಾರ್ಯದರ್ಶಿಯನ್ನು ಕೇಳಿ.

ಆ ಅಜ್ಜ ಫೋನ್ ಇಡುವ ಮುಂಚೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಇರಲಿ ಬಿಡ್ರಿ, ಆಕಿ ಉಳದಾಳ. ಆದ್ರ ಇದನ್ನ ಮೊದಲ ಯಾರೂ ಹೇಳಲಿಲ್ಲರಿ." ಅದು ನಮಗೂ ತಾಗುವ ಮಾತು. ದಿನಾ ರಾಜಕೀಯದ ಕಿರುಚಾಟ ತೋರಿಸುವ ನಾವು ಇದನ್ನು ಎಷ್ಟು ಸಲ ಹೇಳಿದ್ದೇವೆ? ಅದಕ್ಕೇ ಇವತ್ತು ಹೇಳಿದೆ. ನಿಮ್ಮ ಮನೆಯ ಹಿರಿಯರ ಆಧಾರ್, ರೇಷನ್ ಕಾರ್ಡ್ ಎಲ್ಲಿದೆ ಅಂತ ಇವತ್ತೇ ನೋಡಿ. ಎದೆ ನೋವು ಬಂದ ರಾತ್ರಿ ಹುಡುಕೋದಲ್ಲ.