ಹತ್ತಿದ್ದು ಒಂದು ವರ್ಷ, ಇಳಿದಿದ್ದು ಮರುವರ್ಷ

ಪದ್ಮನಾಭನಗರದ ನಮ್ಮ ರೂಮಿನಲ್ಲಿ ಫುಟ್‌ಬಾಲ್ ಅಂದ್ರೆ ರಾತ್ರಿ ಹನ್ನೆರಡೂವರೆಗೆ ಅಲಾರಂ ಇಟ್ಟು ಯುರೋಪಿನ ಮ್ಯಾಚ್ ನೋಡೋದು. ಬನಶಂಕರಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ ಎಂ.ಜಿ. ರಸ್ತೆಯಲ್ಲಿಳಿದು ಸ್ವಲ್ಪ ನಡೆದರೆ ಗರುಡಾ ಮಾಲ್ ಪಕ್ಕದಲ್ಲೇ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣ ಇದೆ ಅನ್ನೋದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. 2024-25ರಲ್ಲಿ ಅಲ್ಲಿ ನಮ್ಮೂರಿನ ತಂಡವೊಂದು ದೇಶದ ಎರಡನೇ ದರ್ಜೆಯ ಲೀಗಿನಲ್ಲಿ ಉಳಿಯೋಕೆ ಒದ್ದಾಡುತ್ತಿತ್ತು.

ತಂಡದ ಹೆಸರು ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು. ಎಲ್ಲರಿಗೂ ಗೊತ್ತಿರುವ ಬೆಂಗಳೂರು ಎಫ್‌ಸಿ ಬೇರೆ, ಅದು ಆಡೋದು ಐಎಸ್‌ಎಲ್‌ನಲ್ಲಿ. ಆಗ ಅದರ ಕೆಳಗಿನ ಮೆಟ್ಟಿಲು ಐ-ಲೀಗ್ ಆಗಿತ್ತು, ಅದಕ್ಕೂ ಕೆಳಗೆ ಐ-ಲೀಗ್ 2 ಇತ್ತು. ಸ್ಪೋರ್ಟಿಂಗ್ ಕ್ಲಬ್ 2023-24ರಲ್ಲಿ ಐ-ಲೀಗ್ 2 ಗೆದ್ದು ಮೇಲಕ್ಕೆ ಬಂದಿತ್ತು.

2024-25ರ ಲೆಕ್ಕ ಸರಳವಾಗಿತ್ತು. 12 ತಂಡಗಳು, ಪ್ರತಿ ತಂಡದ ಜೊತೆ ತವರಲ್ಲೊಂದು, ಹೊರಗೊಂದು ಪಂದ್ಯ, ಒಟ್ಟು 22. ಗೆದ್ದರೆ 3 ಅಂಕ, ಡ್ರಾ ಆದರೆ 1. ಮೊದಲ ಸ್ಥಾನಕ್ಕೆ ಐಎಸ್‌ಎಲ್‌ಗೆ ಬಡ್ತಿ, ಕೊನೆಯ ಎರಡಕ್ಕೆ ಹಿಂಬಡ್ತಿ. ಆ ಎರಡರಲ್ಲಿ ಒಂದು ನಮ್ಮದು, ಇನ್ನೊಂದು ಡೆಲ್ಲಿ ಎಫ್‌ಸಿ. ನಮಗೆ ಸಪ್ಲಿ ಸಿಗುತ್ತೆ, ಅವರಿಗೆ ಸಿಗಲ್ಲ. ಮೇಲಿನ ಐಎಸ್‌ಎಲ್ ತಂಡಗಳಿಗಂತೂ ಇಷ್ಟು ವರ್ಷ ಇಳಿಯುವ ಭಯವೇ ಇರಲಿಲ್ಲ. ಭಯವೆಲ್ಲ ಕೆಳಗಿನವರಿಗೇ ಅನ್ನೋದು ನಮಗೆ ಸರಿ ಕಾಣಲ್ಲ.

ಮೇಲ್ತುದಿಯ ಕಥೆ ಇನ್ನೂ ವಿಚಿತ್ರ. 2025ರ ಏಪ್ರಿಲ್ 6ಕ್ಕೆ ಆಟ ಮುಗಿದಾಗ ಗೋವಾದ ಚರ್ಚಿಲ್ ಬ್ರದರ್ಸ್‌ಗೆ 40 ಅಂಕ, ಇಂಟರ್ ಕಾಶಿಗೆ 39. ಚರ್ಚಿಲ್ ಚಾಂಪಿಯನ್, ಅಲ್ವಾ? ಅಲ್ಲ. ಜನವರಿಯಲ್ಲಿ ಕಾಶಿಯನ್ನು 2-0ರಿಂದ ಸೋಲಿಸಿದ್ದ ನಾಮಧಾರಿ ತಂಡ, ಅಮಾನತಿನಲ್ಲಿದ್ದ ಆಟಗಾರನನ್ನು ಕಣಕ್ಕಿಳಿಸಿತ್ತು ಅನ್ನೋದು ಕಾಶಿಯ ದೂರು. ಆ 3 ಅಂಕ ಸಿಕ್ಕರೆ 42, ಪಟ್ಟವೇ ಕೈಬದಲು. ಕಾಶಿಯ ಆಟಗಾರನೊಬ್ಬನ ನೋಂದಣಿ ಮೇಲೂ ಎದುರಾಳಿಗಳು ದೂರು ಕೊಟ್ಟರು. ಫೆಡರೇಷನ್‌ನ ಮೇಲ್ಮನವಿ ಸಮಿತಿ ಕಾಶಿಯ ವಿರುದ್ಧ ನಿಂತಿತು. ಕೇಸು ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿಗೆ ಹೋಯಿತು. ಜುಲೈ 18ಕ್ಕೆ ತೀರ್ಪು: ಇಂಟರ್ ಕಾಶಿಯೇ ಚಾಂಪಿಯನ್. ಮೈದಾನದಲ್ಲಿ ಮುಗಿದ ಲೀಗ್ ನಿಜಕ್ಕೂ ಮುಗಿಯಲು ಮೂರು ತಿಂಗಳ ಮೇಲೆ ಹಿಡಿಯಿತು. ನಮ್ಮ ರಿಸಲ್ಟೇ ವಾಸಿ.

ಎರಡನೇ ದರ್ಜೆಗೆ ಬೇರೆ ಕಡೆ ಬೇರೆ ರೀತಿ ಬೆಲೆ ಕೊಡ್ತಾರೆ. ಐರ್ಲೆಂಡಿನ ಗೇಲಿಕ್ ಫುಟ್‌ಬಾಲ್‌ನಲ್ಲಿ 2022ರಿಂದ ಟಾಲ್ಟನ್ ಕಪ್ ಅಂತ ಎರಡನೇ ದರ್ಜೆಯ ಚಾಂಪಿಯನ್‌ಷಿಪ್ ನಡೆಯುತ್ತಿದೆ. ದೊಡ್ಡ ಕೌಂಟಿಗಳೆದುರು ಮೊದಲ ಸುತ್ತುಗಳಲ್ಲೇ ಸೋತು ಮನೆಗೆ ಹೋಗುತ್ತಿದ್ದ ಸಣ್ಣ ಕೌಂಟಿಗಳಿಗೆ ಈಗ ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ ಫೈನಲ್ ಆಡುವ ಅವಕಾಶ ಇದೆ. ಮೊದಲ ಕಪ್ ವೆಸ್ಟ್‌ಮೀತ್ ಗೆದ್ದಿತು. ಗೆದ್ದವರಿಗೆ ಮರುವರ್ಷ ಮೇಲಿನ ಚಾಂಪಿಯನ್‌ಷಿಪ್‌ನಲ್ಲಿ ಜಾಗ.

ಸ್ಪೋರ್ಟಿಂಗ್ ಕ್ಲಬ್‌ಗೆ ಮತ್ತೆ ಕೆಳಗಿನಿಂದಲೇ ಹತ್ತುವ ಕೆಲಸ. ಮುಂದಿನ ಸಲ ಅವರ ಪಂದ್ಯ ಇದ್ದರೆ ನಾವು ನಾಲ್ಕು ಜನ ಹೋಗೋದು ಅಂತ ಆಗಿದೆ. ಬರೋರು ಕ್ಲಬ್ಬಿನ ಗ್ರೂಪಲ್ಲಿ ಹೇಳಿ, ಬನಶಂಕರಿ ಮೆಟ್ರೋ ಹತ್ರ ಸೇರೋಣ.