ಖನಿಜಗಳಿಂದ ಸೋರುವ ಹೀಲಿಯಂ

ಜಾತ್ರೆಯಲ್ಲಿ ಕೊಂಡ ಹೀಲಿಯಂ ಬಲೂನು ಮರುದಿನ ಬೆಳಗಾಗುವುದರೊಳಗೆ ಸೊರಗಿ ನೆಲಕ್ಕಿಳಿದಿರುತ್ತದೆ. ಬಾಯಿಗೆ ಎಷ್ಟು ಬಿಗಿಯಾಗಿ ದಾರ ಕಟ್ಟಿದ್ದರೂ ಅಷ್ಟೆ. ಹೀಲಿಯಂ ಪರಮಾಣು ಬಹು ಚಿಕ್ಕದು. ಮೇಲಾಗಿ ಅದು ಬೇರೆ ಧಾತುಗಳೊಡನೆ ಕೂಡಿಕೊಳ್ಳಲೊಲ್ಲದ ಒಂಟಿಗ. ರಬ್ಬರಿನ ಸಂದುಗಳಲ್ಲಿ ನುಸುಳಿ ಹೊರಬೀಳುತ್ತದೆ. ರಬ್ಬರಿನ ಮಾತು ಹಾಗಿರಲಿ, ಗಟ್ಟಿ ಕಲ್ಲಿನಿಂದಲೂ ಅದು ಹೀಗೆಯೇ ಸೋರುತ್ತದೆ. ಈ ಸೋರಿಕೆಯನ್ನು ವಿಜ್ಞಾನಿಗಳು ವಿಸರಣೆ ಎನ್ನುತ್ತಾರೆ. ಎಲ್ಲ ಖನಿಜಗಳಲ್ಲೂ ಅದು ಒಂದೇ ಬಗೆಯಾಗಿ ನಡೆಯುವುದಿಲ್ಲ ಎಂಬುದೇ ಇಲ್ಲಿನ ಸ್ವಾರಸ್ಯ.

ಕಲ್ಲಿನೊಳಕ್ಕೆ ಹೀಲಿಯಂ ಬರುವುದಾದರೂ ಎಲ್ಲಿಂದ? ಬಹುಪಾಲು ಅದು ಅಲ್ಲಿಯೇ ಹುಟ್ಟಿದ್ದು. ಯುರೇನಿಯಂ 238ರ ಒಂದು ಪರಮಾಣು ಒಡೆಯುತ್ತ ಒಡೆಯುತ್ತ ಕೊನೆಗೆ ಸೀಸವಾಗುವಷ್ಟರಲ್ಲಿ ಎಂಟು ಆಲ್ಫಾ ಕಣಗಳನ್ನು ಉಗುಳುತ್ತದೆ, ಥೋರಿಯಂ ಆರನ್ನು. ಆಲ್ಫಾ ಕಣವೆಂದರೆ ಹೀಲಿಯಂನ ಬೀಜವೇ. ಎರಡು ಎಲೆಕ್ಟ್ರಾನುಗಳನ್ನು ಸೆಳೆದುಕೊಂಡರೆ ಹೀಲಿಯಂ ಪರಮಾಣು ಸಿದ್ಧ. ಯುರೇನಿಯಂ ಎಷ್ಟಿದೆ, ಹೀಲಿಯಂ ಎಷ್ಟು ಕೂಡಿದೆ ಎಂದು ಅಳೆದರೆ ಕಲ್ಲಿನ ವಯಸ್ಸು ತಿಳಿಯಬೇಕಲ್ಲವೆ? 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ರುದರ್‌ಫೋರ್ಡ್ ಮಾಡಿದ ತರ್ಕ ಇದೇ. ಇಡೀ ಭೂಮಿಗೆ 2ರಿಂದ 4 ಕೋಟಿ ವರ್ಷವೆಂದು ಕೆಲ್ವಿನ್ 1897ರಲ್ಲಿ ಹೇಳಿದ್ದರು; ರುದರ್‌ಫೋರ್ಡರ ಕೈಯಲ್ಲಿದ್ದ ಖನಿಜದ ಒಂದು ಚೂರಿನ ವಯಸ್ಸೇ ಅದನ್ನು ಮೀರಿತು! ಆದರೂ ಅವರು ಜಾಗರೂಕರು. ಅನಿಲ ಸೋರಿರಬಹುದು, ಆದುದರಿಂದ ಇದು ಕನಿಷ್ಠ ವಯಸ್ಸು ಎಂದರು. ಸೋರಿಕೆಯ ಸಂಶಯ ಬೆಳೆಯುತ್ತ ಹೋಯಿತು. 1911ರಲ್ಲಿ ಆರ್ಥರ್ ಹೋಮ್ಸ್ ಹೀಲಿಯಂನ ಬದಲು ಸೀಸವನ್ನು ಅಳೆದು ವಯಸ್ಸು ಕಟ್ಟಿದರು. ಹೀಲಿಯಂ ಗಡಿಯಾರ ಕ್ರಮೇಣ ಮೂಲೆ ಸೇರಿತು.

ಅದನ್ನು ಮತ್ತೆ ಹೊರಗೆ ತಂದವರು 1987ರಲ್ಲಿ ಝೈಟ್ಲರ್ ಮತ್ತು ಅವರ ಸಂಗಡಿಗರು. ಸೋರಿಕೆಯನ್ನೇ ಸರಿಯಾಗಿ ಅಳೆದರೆ ಅದೂ ಒಂದು ಸಂಗತಿಯನ್ನು ಹೇಳೀತು ಎಂಬುದು ಅವರ ವಾದ.

ಖನಿಜದೊಳಗೆ ಪರಮಾಣುಗಳು ಕ್ರಮವಾಗಿ ಜೋಡಿಕೊಂಡಿರುತ್ತವೆ. ನಡುನಡುವೆ ಸಣ್ಣ ಎಡೆಗಳುಂಟು. ಹೀಲಿಯಂ ಒಂದು ಎಡೆಯಿಂದ ಪಕ್ಕದ ಎಡೆಗೆ ಹಾರಬೇಕಾದರೆ ನಡುವಿನ ಇಕ್ಕಟ್ಟನ್ನು ದಾಟಬೇಕು. ದಾಟುವ ಕಸುವು ಕೊಡುವುದು ಶಾಖ. ಮೆಕ್ಸಿಕೋದ ಡುರಾಂಗೋದಲ್ಲಿ ಸಿಗುವ ಅಪಟೈಟ್ ಹರಳನ್ನು ಪ್ರಯೋಗಶಾಲೆಯಲ್ಲಿ ಕಾಯಿಸಿ ಪಡೆದ ಸೂತ್ರದಂತೆ ಲೆಕ್ಕ ಹಾಕಿದರೆ, ಉಷ್ಣತೆ 20 ಡಿಗ್ರಿಯಿಂದ 70 ಡಿಗ್ರಿಗೆ ಏರಿದಾಗ ವಿಸರಣೆ ಎರಡು ಮೂರು ಪಟ್ಟಲ್ಲ, ಕೆಲವು ಸಾವಿರ ಪಟ್ಟು ಹೆಚ್ಚುತ್ತದೆ. ಆದುದರಿಂದ ಸುಮಾರು 70 ಡಿಗ್ರಿಗಿಂತ ಬಿಸಿಯಾಗಿರುವಾಗ ಅಪಟೈಟಿನಲ್ಲಿ ಹುಟ್ಟಿದ ಹೀಲಿಯಂ ಬಹುಮಟ್ಟಿಗೆ ಹೊರಟುಹೋಗುತ್ತದೆ. ತಣ್ಣಗಾದ ಮೇಲೆ ಉಳಿಯತೊಡಗುತ್ತದೆ. ಗಡಿಯಾರ ಶುರುವಾಗುವುದು ಕಲ್ಲು ಹುಟ್ಟಿದಾಗ ಅಲ್ಲ, ತಣಿದಾಗ.

ಈ ಬಾಗಿಲು ಮುಚ್ಚುವ ಉಷ್ಣತೆ ಖನಿಜದ ರಾಸಾಯನಿಕ ರಚನೆಯನ್ನು ಅವಲಂಬಿಸಿದೆ. ನಮ್ಮ ಹೊಲಗಳಲ್ಲಿ ಬಿದ್ದಿರುವ ಬೆಣಚುಕಲ್ಲು ಬರಿಯ ಸಿಲಿಕಾನ್ ಮತ್ತು ಆಮ್ಲಜನಕ. ಅದರ ಕಟ್ಟು ಎಷ್ಟು ಸಡಿಲವೆಂದರೆ ಭೂಮಿಯ ಮೇಲಿನ ಸಾಧಾರಣ ಬಿಸಿಲಿಗೇ ಹೀಲಿಯಂ ಸೋರಿಹೋಗುತ್ತದೆ. ಅದೇ ಸಿಲಿಕಾನ್, ಅದೇ ಆಮ್ಲಜನಕದ ಜೊತೆಗೆ ಜಿರ್ಕೋನಿಯಂ ಸೇರಿ ಜಿರ್ಕಾನ್ ಆಯಿತೆನ್ನಿ, ಸುಮಾರು 180 ಡಿಗ್ರಿಯವರೆಗೂ ತಡೆದುಕೊಳ್ಳುತ್ತದೆ. ಟೈಟೇನಿಯಂ ಮತ್ತು ಕ್ಯಾಲ್ಸಿಯಂ ಇರುವ ಟೈಟನೈಟ್ ಸುಮಾರು 200ರವರೆಗೆ. ಜರಡಿ ಎಲ್ಲವೂ ಜರಡಿಯೇ. ರಾಗಿ ಜರಡಿಯ ಕಣ್ಣು ಬೇರೆ, ಹಿಟ್ಟಿನ ಜರಡಿಯ ಕಣ್ಣು ಬೇರೆ. ಒಂದೇ ಖನಿಜದೊಳಗೂ ಭೇದವುಂಟು. ಅಪಟೈಟ್ ಹರಳಿನ ಉದ್ದಕ್ಕೆ ಕೊಳವೆಯಂಥ ದಾರಿಗಳಿದ್ದು, ಅವುಗಳಲ್ಲಿ ಸಾಮಾನ್ಯವಾಗಿ ಫ್ಲೋರಿನ್ ಕುಳಿತಿರುತ್ತದೆ. ಅದರ ಸ್ಥಾನದಲ್ಲಿ ದಪ್ಪ ಮೈಯ ಕ್ಲೋರಿನ್ ಕುಳಿತರೆ ದಾರಿ ಕಟ್ಟುತ್ತದೆ ಎಂದು 2015ರಲ್ಲಿ ಪ್ರಕಟವಾದ ಗಣಕಯಂತ್ರದ ಲೆಕ್ಕವೊಂದು ತೋರಿಸಿದೆ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಯುರೇನಿಯಂ ಒಡೆದಾಗ ಹಿಂದಕ್ಕೆ ಚಿಮ್ಮುವ ಭಾರವಾದ ಪರಮಾಣು ಹರಳಿನ ಕಟ್ಟನ್ನು ಕೆಡಿಸುತ್ತದೆ. ಕೆಟ್ಟ ಜಾಗದಲ್ಲಿ ಹೀಲಿಯಂ ಸಿಕ್ಕಿಬೀಳುವುದರಿಂದ ಮೊದಮೊದಲು ಸೋರಿಕೆ ಕಡಮೆಯಾಗುತ್ತದೆ. ಜಿರ್ಕಾನಿನಲ್ಲಿ ಗಾಯಗಳು ಅತಿಯಾಗಿ ಒಂದಕ್ಕೊಂದು ಕೂಡಿಕೊಂಡರೆ ಮಾತ್ರ ಫಲ ತಿರುಗಿ, ಸರಾಗವಾಗಿ ಸೋರುತ್ತದೆ. ಶಾಖ ತಗುಲಿದರೆ ಗಾಯ ಮಾಯುವುದೂ ಉಂಟು. ಹೀಗೆ ಯುರೇನಿಯಂನ ಪ್ರಮಾಣ ಗಡಿಯಾರದ ಮುಳ್ಳನ್ನು ತಿರುಗಿಸುವುದಲ್ಲದೆ ಅದರ ಬಾಗಿಲನ್ನೂ ಬದಲಿಸುತ್ತದೆ. ಒಂದು ಅಪಟೈಟ್ 50 ಡಿಗ್ರಿಯಲ್ಲಿಯೇ ಬಿಟ್ಟುಕೊಟ್ಟರೆ ಇನ್ನೊಂದು 100 ದಾಟಿದರೂ ಹಿಡಿದುಕೊಂಡಿರಬಹುದು.

70 ಡಿಗ್ರಿ ಎಂದರೆ ಎಷ್ಟು ಆಳ? ಅನೇಕ ಕಡೆ ಕಿಲೋಮೀಟರಿಗೆ 25–30 ಡಿಗ್ರಿಯಂತೆ ಬಿಸಿ ಏರುವುದರಿಂದ, ಸುಮಾರು 2 ಕಿಲೋಮೀಟರು. ನಮ್ಮ ಕೋಲಾರದ ನೆಲ ಹಳೆಯದು, ತಣ್ಣಗಿನದು. 2001ರಲ್ಲಿ ಮುಚ್ಚಿದ ಚಿನ್ನದ ಗಣಿಯ ತಳದಲ್ಲಿ, 3 ಕಿಲೋಮೀಟರಿಗೂ ಕೆಳಗೆ, ಬಂಡೆಯ ಉಷ್ಣತೆ 65 ಡಿಗ್ರಿಯ ಆಸುಪಾಸಿನಲ್ಲಿತ್ತು. ಅಲ್ಲಿ ಕೂಲಿ ಮಾಡಿದ ನನ್ನ ತಾತ, ಬಂಡೆಗೆ ಬರಿಗೈ ಇಟ್ಟರೆ ಚುರ್ ಎನ್ನುತ್ತಿತ್ತೆಂದು ಹೇಳುತ್ತಿದ್ದರು. ಓದು ಬರದ ಅವರಿಗೆ ಅಪಟೈಟ್ ಗೊತ್ತಿರಲಿಲ್ಲ. ಹೀಲಿಯಂ ನಿಲ್ಲಲೋ ಹೊರಡಲೋ ಎಂದು ತೂಗಾಡುವ ಬಿಸಿಯಲ್ಲಿ ಮಾತ್ರ ಜೀವನವಿಡೀ ದುಡಿದರು.

ಇಷ್ಟೆಲ್ಲ ಸೂಕ್ಷ್ಮ ಏತಕ್ಕೆ ಎನ್ನುವವರು ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ವಿವಾದವನ್ನು ನೋಡಬೇಕು. ನದಿ ಕಣಿವೆಯನ್ನು ಕೊರೆದಂತೆ, ಆಳದಲ್ಲಿದ್ದ ಬಂಡೆ ಮೇಲ್ಮೈಗೆ ಹತ್ತಿರವಾಗಿ ತಣಿಯುತ್ತದೆ. ಆಗ ಹೀಲಿಯಂ ಉಳಿಯತೊಡಗುತ್ತದೆ. ಕೊಲರಾಡೋ ನದಿ ಈ ಕಣಿವೆಯನ್ನು ಕಳೆದ 50–60 ಲಕ್ಷ ವರ್ಷಗಳಲ್ಲಿ ಕೊರೆಯಿತೆಂಬುದು ಬಹುಜನರ ನಂಬಿಕೆಯಾಗಿತ್ತು. 2012ರಲ್ಲಿ ಫ್ಲವರ್ಸ್ ಮತ್ತು ಫಾರ್ಲೆ ಎಂಬವರು ಅಪಟೈಟಿನ ಹೀಲಿಯಂ ಓದಿ, ಕಣಿವೆಯ ಪಶ್ಚಿಮ ಭಾಗ 7 ಕೋಟಿ ವರ್ಷಗಳ ಹಿಂದೆಯೇ ಹೆಚ್ಚು ಕಡಮೆ ಈಗಿನ ಆಳಕ್ಕೆ ಇಳಿದಿತ್ತೆಂದರು. 2014ರಲ್ಲಿ ಕಾರ್ಲ್‌ಸ್ಟ್ರಾಮ್ ಮತ್ತು ಸಂಗಡಿಗರು, ನಡುವೆ ಕೆಲವು ತುಂಡುಗಳು ಹಳೆಯವಾದರೂ ಅವು ಒಂದಾಗಿ ಈಗಿನ ಕಣಿವೆಯಾದುದು 50–60 ಲಕ್ಷ ವರ್ಷಗಳ ಹಿಂದೆ ಎಂದರು. ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟಿರುವ ಹರಳುಗಳ ಸಾಕ್ಷ್ಯವನ್ನೇ ಇಬ್ಬರೂ ಓದುತ್ತಾರೆ. ಸಿಗುವ ಉತ್ತರದಲ್ಲಿ ಹತ್ತು ಪಟ್ಟು ಅಂತರ! ಹರಳಿನೊಳಗೆ ಯುರೇನಿಯಂ ಎಲ್ಲಿ ಹೇಗೆ ಹಂಚಿಕೊಂಡಿದೆ, ಗಾಯ ಎಷ್ಟು ಬೇಗ ಮಾಯಿತು ಎಂಬ ಪ್ರಶ್ನೆಗಳಿಗೆ ಈ ವಾದದಲ್ಲಿ ದೊಡ್ಡ ಪಾತ್ರವಿದೆ. ನನಗೆ ತೋರುವಂತೆ ಕಣಿವೆಯ ಕಥೆಗಿಂತ ಮೊದಲು ಇತ್ಯರ್ಥವಾಗಬೇಕಾದುದು ಹರಳಿನ ಕಥೆ. ಅದಕ್ಕೆ ಒಂದು ಹಾದಿ: ಪ್ರತಿಯೊಂದು ಹರಳನ್ನೂ ಬೇರೆ ಬೇರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಕಾಯಿಸಿ, ಯಾವ ಉಷ್ಣತೆಯಲ್ಲಿ ಎಷ್ಟು ಹೀಲಿಯಂ ಹೊರಟಿತೆಂದು ಬರೆದಿಡುವುದು.