ಗೋಡೆಯೊಳಗಣ ಹಳೆಯ ತಂತಿ

ಅಂಗೈಯಲ್ಲಿ ಬೆಣ್ಣೆಯಿಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರೆಂಬ ಗಾದೆಯು ನಮ್ಮಲ್ಲಿ ಹಳೆಯದು. ನಮ್ಮ ನೆರೆಯ ಗೃಹಸ್ಥರೊಬ್ಬರಿಗೆ ಈಚೆಗೆ ಅಂಥದೇ ಪ್ರಸಂಗವೊದಗಿತು. ಅವರದು ಎರಡಂತಸ್ತಿನ ಮನೆ. ಇಂಟರ್ನೆಟ್ಟಿನ ರೌಟರು ಕೆಳಗಿನ ನಡುಮನೆಯಲ್ಲಿ. ಪರೀಕ್ಷೆಗೆ ಓದುವ ಮಗಳ ಕೋಣೆಯು ಮೇಲೆ, ಹಿಂಭಾಗದಲ್ಲಿ. ನಡುವಣ ಗೋಡೆಗಳನ್ನೂ ಕಾಂಕ್ರೀಟಿನ ಮಾಳಿಗೆಯನ್ನೂ ದಾಟುವಷ್ಟರಲ್ಲಿ ವೈಫೈ ಅಲೆಗಳು ಸೊರಗಿ, ಅಧ್ಯಾಪಕರ ಪಾಠವು ವಾಕ್ಯದ ನಡುವೆಯೇ ನಿಂತುಹೋಗುತ್ತಿದ್ದಿತು. ಹೊಸ ತಂತಿಯೆಳೆಯಲು ಬಂದ ಕೆಲಸಗಾರನು ನಾಲ್ಕು ಕಡೆ ಗೋಡೆ ಕೊರೆಯಬೇಕೆಂದನು. ಹಿಂದಿನ ವರ್ಷ ಹಿರಿಯ ಮಗನ ಮದುವೆಗೆಂದು ಸಾಲ ಮಾಡಿ ಬಣ್ಣ ಹೊಡೆಸಿದ ಗೋಡೆಗಳವು. ಗೃಹಿಣಿಯು ಒಪ್ಪಲಿಲ್ಲ; ಪರೀಕ್ಷೆಯೋ ಕಾಯುವಂತಿರಲಿಲ್ಲ.

ಆಗ ಆಕೆಯ ಕಣ್ಣಿಗೆ ಬಿದ್ದುದು, ಮಗಳ ಕೋಣೆಯ ಮೂಲೆಯಲ್ಲಿ ಬಹುಕಾಲದಿಂದ ಬರಿದಾಗಿದ್ದ ಕೇಬಲ್ ಟಿವಿಯ ಪಾಯಿಂಟು.

1990ರ ದಶಕದಲ್ಲಿ ಕೇಬಲ್ ಟಿವಿಯು ನಮ್ಮ ಊರುಗಳಲ್ಲಿ ಹಬ್ಬಿದ ಮೇಲೆ ಕಟ್ಟಿದ ಅನೇಕ ಮನೆಗಳಲ್ಲಿ ಇಂಥ ತಂತಿಯನ್ನು ಗೋಡೆಯೊಳಗಿನ ಪೈಪುಗಳಲ್ಲಿ ಹಾಯಿಸಿರುವುದುಂಟು. ಇದಕ್ಕೆ ಕೋಆಕ್ಸಿಯಲ್ ಕೇಬಲ್ ಎಂದು ಹೆಸರು. ನಡುವೆ ಒಂದು ಲೋಹದ ತಂತಿ, ಅದರ ಸುತ್ತ ವಿದ್ಯುತ್ತು ಹರಿಯದ ಬಿಳಿಯ ಪದರ, ಅದರ ಮೇಲೆ ಲೋಹದ ಬಲೆ, ಹೊರಗೆ ಪ್ಲಾಸ್ಟಿಕ್ಕಿನ ಹೊದಿಕೆ. ಒಳಗಿನ ಸಂಕೇತವು ಹೊರಚೆಲ್ಲದಂತೆಯೂ ಹೊರಗಿನ ಗದ್ದಲವು ಒಳನುಗ್ಗದಂತೆಯೂ ಈ ಬಲೆಯು ಕಾಯುತ್ತದೆ. ಇಂಗ್ಲೆಂಡಿನ ಆಲಿವರ್ ಹೆವಿಸೈಡರು 1880ರಲ್ಲಿಯೇ ಇಂಥ ರಚನೆಗೆ ಪೇಟೆಂಟ್ ಪಡೆದಿದ್ದರು.

ಈ ತಂತಿಯಲ್ಲಿ ಮನೆಯೊಳಗಿನ ಇಂಟರ್ನೆಟ್ಟನ್ನು ಸಾಗಿಸುವ ಪದ್ಧತಿಗೆ ಮೋಕಾ ಎಂದು ಹೆಸರು. ಇದನ್ನು ರೂಪಿಸಿದ ಕಂಪನಿಗಳ ಕೂಟವು 2004ರಲ್ಲಿ ಸ್ಥಾಪಿತವಾಯಿತು. ರೌಟರಿನ ಬಳಿ ಒಂದು ಅಡಾಪ್ಟರು, ದೂರದ ಕೋಣೆಯಲ್ಲಿ ಇನ್ನೊಂದು. ನಡುವೆ ಹಳೆಯ ಕೇಬಲ್. ದೂರದ ಅಡಾಪ್ಟರಿಗೆ ಕಂಪ್ಯೂಟರನ್ನಾಗಲಿ ವೈಫೈ ಯಂತ್ರವನ್ನಾಗಲಿ ಜೋಡಿಸಬಹುದು. ಕೇಬಲ್ ಟಿವಿಯ ವಾಹಿನಿಗಳು ಸಾಮಾನ್ಯವಾಗಿ 860 ಮೆಗಾಹರ್ಟ್ಸ್‌ನ ಆಸುಪಾಸಿಗೆ ಮುಗಿಯುತ್ತವೆ. ಮೋಕಾ ಸಂಕೇತಗಳು ಬಹುತೇಕ 1125ರಿಂದ 1675 ಮೆಗಾಹರ್ಟ್ಸ್‌ವರೆಗೆ ಸಂಚರಿಸುತ್ತವೆ. ಆದುದರಿಂದ ಒಂದೇ ತಂತಿಯಲ್ಲಿ ಎರಡೂ ಜಗಳವಿಲ್ಲದೆ ಸಾಗಬಲ್ಲವು. ಮೋಕಾ 2.5 ಎಂಬ ಬಗೆಯ ಗರಿಷ್ಠ ವೇಗವು ಸೆಕೆಂಡಿಗೆ 2.5 ಗಿಗಾಬಿಟ್, ಆದರೆ ಮನೆಗೆ ಬರುವ ಇಂಟರ್ನೆಟ್ಟಿನ ವೇಗವನ್ನು ಇದು ಹೆಚ್ಚಿಸಲಾರದು. ಬಂದುದನ್ನು ಸೋರಿಹೋಗದಂತೆ ಕೋಣೆಗೆ ಮುಟ್ಟಿಸುವುದಷ್ಟೇ ಇದರ ಕೆಲಸ.

ಇನ್ನು ಗೃಹಸ್ಥರು ಗಮನಿಸತಕ್ಕ ಸಂಗತಿಗಳು ಕೆಲವುಂಟು. ಮೊದಲನೆಯದಾಗಿ, ಮಾಳಿಗೆಯ ಮೇಲಿನ ಡಿಟಿಎಚ್ ಡಿಶ್ಶಿನಿಂದ ಇಳಿದುಬಂದ ತಂತಿಯಲ್ಲಿ 950ರಿಂದ 2150 ಮೆಗಾಹರ್ಟ್ಸ್‌ವರೆಗಿನ ಸಂಕೇತಗಳಿರುತ್ತವೆ. ಇವು ಮೋಕಾ ಸಂಕೇತಗಳೊಡನೆ ಘರ್ಷಿಸುವುದರಿಂದ, ಡಿಶ್ಶಿಗಾಗಿ ಬಳಕೆಯಲ್ಲಿರುವ ತಂತಿಯನ್ನು ಇದಕ್ಕೆ ಉಪಯೋಗಿಸಲಾಗದು. ಎರಡನೆಯದಾಗಿ, ಕೋಣೆಗಳ ತಂತಿಗಳೆಲ್ಲ ಒಂದೆಡೆ ಕೂಡಿರಬೇಕು. ಕೂಡುವಲ್ಲಿರುವ ಸ್ಪ್ಲಿಟರು 1675 ಮೆಗಾಹರ್ಟ್ಸ್‌ವರೆಗೆ ಸಂಕೇತವನ್ನು ಹಾಯಗೊಡುವಂಥದಾಗಿರತಕ್ಕದ್ದು. ಹಳೆಯವುಗಳಲ್ಲಿ ಅನೇಕವು 1000ಕ್ಕೇ ನಿಲ್ಲುತ್ತವೆ. ಮೂರನೆಯದಾಗಿ, ಹೊರಗಿನ ಕೇಬಲ್ಲು ಮನೆಯನ್ನು ಪ್ರವೇಶಿಸುವಲ್ಲಿ ಮೋಕಾ ಫಿಲ್ಟರನ್ನು ಹಾಕಿಸತಕ್ಕದ್ದು. ಇಲ್ಲವಾದರೆ ನಮ್ಮ ಸಂಕೇತವು ಬೀದಿಯ ತಂತಿಗೆ ಹರಿದು ನೆರೆಮನೆಗೂ ಮುಟ್ಟಬಹುದು. ಅಡಾಪ್ಟರುಗಳಿಗೆ ಗುಪ್ತಪದವನ್ನು ಗೊತ್ತುಮಾಡುವುದೂ ಅಷ್ಟೇ ಅವಶ್ಯಕ.

ಎಲ್ಲ ಮನೆಗಳಿಗೂ ಈ ಉಪಾಯವು ಸಲ್ಲುವುದಿಲ್ಲ. ಕಿಟಕಿಯಿಂದ ನಡುಮನೆಗೆ ಒಂದೇ ತಂತಿ ಬಂದು ನಿಂತಿರುವಲ್ಲಿ ಇದರಿಂದ ಪ್ರಯೋಜನವಿಲ್ಲ. ಹೊಸ ಮನೆ ಕಟ್ಟಿಸುವವರಂತೂ ಮೊದಲೇ ಈಥರ್ನೆಟ್ ತಂತಿಯನ್ನು ಹಾಕಿಸುವುದೇ ಲೇಸು.

ನಮ್ಮ ನೆರೆಯವರ ಮನೆಯಲ್ಲಿಯೂ ಮೊದಲ ದಿನ ಕೆಲಸ ಕೈಗೂಡಲಿಲ್ಲ. ತಂದೆಮಗಳಿಬ್ಬರೂ ಟಾರ್ಚು ಹಿಡಿದು ತಂತಿಯ ಜಾಡನ್ನು ಹುಡುಕುತ್ತ ಹೋಗಲಾಗಿ, ಅಟ್ಟದ ಮೇಲೆ ಹಳೆಯ ಪಾತ್ರೆಗಳ ಹಿಂದೆ ತುಕ್ಕುಹಿಡಿದ ಸ್ಪ್ಲಿಟರೊಂದು ಸಿಕ್ಕಿತು. ಅದನ್ನು ಬದಲಾಯಿಸಿದ ಸಂಜೆಯೇ ಪಾಠವು ತಡೆಯಿಲ್ಲದೆ ನಡೆಯಿತು. ಅಡಾಪ್ಟರುಗಳಿಗೆ ಹಣ ತೆತ್ತದ್ದು ನಿಜ. ಆದರೆ ಗೋಡೆಗಳು ಉಳಿದುವು. ಆದುದರಿಂದ ವಾಚಕ ಮಹಾಶಯರು ಉಳಿ ಸುತ್ತಿಗೆಗಳನ್ನು ಕರೆಯಿಸುವ ಮುನ್ನ ಒಂದು ಸಂಜೆ ತಮ್ಮ ಅಟ್ಟವನ್ನೂ ಮೂಲೆಗಳನ್ನೂ ನೋಡಿಬರಬೇಕೆಂದು ನಮ್ಮ ಬಿನ್ನಹ.